ಚಹಾಪ್ರಿಯರ ಓದು: ಪದೇ ಪದೇ ಕೇಳುವ ಪ್ರಶ್ನೆಗಳು

ಗಂಗಾವತಿಯ ಅಕ್ಕಿ ಗಿರಣಿಗಳಿಗೆ ಹತ್ತಿರವಿರುವ ಒಂದು ಚಹಾ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಭಾನುವಾರ ಸಂಜೆ ನಾವು ಹತ್ತು ಹನ್ನೆರಡು ಮಂದಿ ಪುಸ್ತಕ ಹಿಡಿದು ಕೂರುತ್ತೇವೆ. ಊರಿನವರಲ್ಲದೆ ಕೊಪ್ಪಳ, ಸಿಂಧನೂರು, ಸಿರುಗುಪ್ಪಗಳಿಂದ ಬರುವವರೂ ಇದ್ದಾರೆ. ಶಿಕ್ಷಕರು, ಗಿರಣಿಯ ಗುಮಾಸ್ತರು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಹುಡುಗ ಹುಡುಗಿಯರು, ಒಬ್ಬಿಬ್ಬರು ನಿವೃತ್ತರು. ಒಂದು ವರ್ಷವಿಡೀ ಚಹಾಕ್ಕೆ ಸಂಬಂಧಿಸಿದ ಪುಸ್ತಕಗಳನ್ನೇ ಓದಿದೆವು. ಅಂದಿನಿಂದ ಹೊಸದಾಗಿ ಬರುವವರೆಲ್ಲ ಹೆಚ್ಚು ಕಡಿಮೆ ಅವೇ ಪ್ರಶ್ನೆಗಳನ್ನು ಕೇಳುತ್ತಿರುವುದರಿಂದ, ಪ್ರತಿ ಸಲ ಬಾಯಿಮಾತಿನಲ್ಲಿ ಹೇಳುವ ಬದಲು ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ಅಭಿಪ್ರಾಯಗಳು ನನ್ನವು, ಅವುಗಳನ್ನು ಒಪ್ಪದವರು ನಮ್ಮ ಬಳಗದಲ್ಲಿಯೇ ಇದ್ದಾರೆ.

ಚಹಾದ ಒಂದು ಗಿಡವೂ ಇಲ್ಲದ ಈ ಬಿಸಿಲ ನಾಡಿನಲ್ಲಿ ಚಹಾದ ಪುಸ್ತಕ ಯಾರಿಗೆ ಬೇಕು?

ಗಿಡವಿಲ್ಲ ಎಂಬ ಮಾತು ನಿಜ. ಚಹಾ ಗಿಡಕ್ಕೆ ಆಮ್ಲೀಯ ಮಣ್ಣು ಬೇಕು, ವರ್ಷಕ್ಕೆ 1500 ಮಿಲಿಮೀಟರಿಗೂ ಹೆಚ್ಚು ಮಳೆ ಬೇಕು. ನಮ್ಮಲ್ಲಿ ಸುಣ್ಣದ ಅಂಶವಿರುವ ಎರೆಭೂಮಿ. ಮಳೆ ಚೆನ್ನಾಗಿ ಆದ ವರ್ಷವೂ 600 ಮಿಲಿಮೀಟರಿನ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಆದರೂ ಬೆಳಗಿನ ಐದು ಗಂಟೆಗೆ ಬಸ್ ನಿಲ್ದಾಣದಲ್ಲಿ ಮೊದಲು ಹೊತ್ತಿಕೊಳ್ಳುವುದು ಚಹಾದ ಒಲೆಯೇ. ಮನೆಗೆ ಬಂದವರನ್ನು ನೀರು ಕೊಟ್ಟು, ಚಹಾ ಕೊಡದೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಭಾರತದಲ್ಲಿ ಬೆಳೆಯುವ ಚಹಾದಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲನ್ನು ಭಾರತೀಯರೇ ಕುಡಿಯುತ್ತಾರೆ. ಅಂದರೆ ಈ ಉದ್ಯಮವನ್ನು ನಡೆಸುತ್ತಿರುವುದು ತೋಟವನ್ನು ಕಣ್ಣಾರೆ ಕಾಣದ ನಮ್ಮಂಥವರ ಕಪ್-ಬಸಿಗಳು. ಭತ್ತವನ್ನು ಯಾರು ನಾಟಿ ಮಾಡುತ್ತಾರೆ, ಯಾರು ಕೊಯ್ಯುತ್ತಾರೆ, ಯಾರು ಗಿರಣಿಗೆ ಹೊರುತ್ತಾರೆ ಎಂಬುದು ಗಂಗಾವತಿಯವರಿಗೆ ಪುಸ್ತಕವಿಲ್ಲದೆಯೇ ಗೊತ್ತು. ಚಹಾಪುಡಿಯ ವಿಷಯದಲ್ಲಿ ಆ ತಿಳಿವಳಿಕೆ ಪ್ಯಾಕೆಟ್ಟಿನ ಹೊರಮೈಯಲ್ಲಿಯೇ ನಿಂತುಬಿಡುತ್ತದೆ. ಅಲ್ಲಿಂದ ಮುಂದಕ್ಕೆ ಹೋಗಲು ಓದಬೇಕು.

ಮೊದಲು ಯಾವ ಪುಸ್ತಕವನ್ನು ಓದಬೇಕು?

ಬಹಳಷ್ಟು ಜನ ಮೊದಲು ಸೂಚಿಸುವುದು ಜಪಾನಿನ ಒಕಾಕುರಾ ಕಾಕುಜೊ ಅವರು 1906ರಲ್ಲಿ ಪ್ರಕಟಿಸಿದ ‘ದ ಬುಕ್ ಆಫ್ ಟೀ’ ಎಂಬ ಸಣ್ಣ ಪುಸ್ತಕವನ್ನು. ನಾನೂ ಅದನ್ನೇ ಸೂಚಿಸುತ್ತೇನೆ, ಆದರೆ ಒಂದು ಎಚ್ಚರಿಕೆಯೊಂದಿಗೆ. ಏಳೇ ಅಧ್ಯಾಯಗಳಿರುವ ಈ ಪುಸ್ತಕವನ್ನು ಒಂದು ವಾರದಲ್ಲಿ ಆರಾಮವಾಗಿ ಓದಿ ಮುಗಿಸಬಹುದು. ಅದರಲ್ಲಿ ಚಹಾ ಮಾಡುವ ವಿಧಾನವನ್ನು ಹುಡುಕಿದರೆ ನಿರಾಶೆಯಾಗುತ್ತದೆ, ಏಕೆಂದರೆ ಚಹಾದ ಕೋಣೆಯ ಕಟ್ಟಡ, ಹೂವು, ಚಿತ್ರವನ್ನು ನೋಡುವ ಬಗೆ, ತಾವೋ ಮತ್ತು ಝೆನ್ ಚಿಂತನೆ ಇವೇ ಅದರ ಹೂರಣ. ಒಕಾಕುರಾ ಅದನ್ನು ಇಂಗ್ಲಿಷಿನಲ್ಲಿಯೇ ಬರೆದರು; ಪಶ್ಚಿಮದವರು ಏಷ್ಯಾವನ್ನು ಅರಿಯದೆ ಹಗುರವಾಗಿ ಕಾಣುತ್ತಿದ್ದ ಕಾಲದಲ್ಲಿ, ಒಂದು ಬಟ್ಟಲಿನ ನೆಪದಲ್ಲಿ ಅವರಿಗೆ ಉತ್ತರ ಕೊಡುವ ಹಟ ಅದರಲ್ಲಿದೆ. 1901 ಮತ್ತು 1902ರಲ್ಲಿ ಭಾರತಕ್ಕೆ ಬಂದು ವಿವೇಕಾನಂದರನ್ನೂ ಟ್ಯಾಗೋರರ ಮನೆತನದವರನ್ನೂ ಕಂಡಿದ್ದ ಲೇಖಕರು ಇವರು ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಓದಿದರೆ ಆ ಹಟದ ಬೇರು ತಿಳಿಯುತ್ತದೆ. ಕೊನೆಯ ಅಧ್ಯಾಯದಲ್ಲಿ ಚಹಾಗುರು ಸೆನ್ ನೊ ರಿಕ್ಯೂ ತನ್ನ ಒಡೆಯ ಹಿದೆಯೋಶಿಯ ಆಜ್ಞೆಯಂತೆ ಪ್ರಾಣ ಬಿಡುವ ಮುನ್ನ ಶಿಷ್ಯರಿಗೆ ಕೊನೆಯ ಬಾರಿ ಚಹಾ ಕೊಡುವ ಪ್ರಸಂಗವಿದೆ. ಅದನ್ನು ಗಟ್ಟಿಯಾಗಿ ಓದಿದ ಸಂಜೆ, ಯಾವಾಗಲೂ ಗಲಗಲ ಎನ್ನುವ ನಮ್ಮ ಕೋಣೆಯಲ್ಲಿ ಒಲೆಯ ಸದ್ದೊಂದೇ ಕೇಳುತ್ತಿತ್ತು.

ಎಚ್ಚರಿಕೆ ಇಷ್ಟೇ. ಒಕಾಕುರಾ ಅವರ ಚಹಾದಲ್ಲಿ ಹಾಲಿಲ್ಲ, ಸಕ್ಕರೆಯಿಲ್ಲ, ಕೂಲಿಯೂ ಇಲ್ಲ. ಎಲೆ ಎಲ್ಲಿಂದ ಬಂತು, ಅದನ್ನು ಯಾರ ಕೈ ಕಿತ್ತಿತು ಎಂದು ಆ ಪುಸ್ತಕ ಎಲ್ಲಿಯೂ ಕೇಳುವುದಿಲ್ಲ. ಆದ್ದರಿಂದ ಅದನ್ನು ಓದಿ ಅಲ್ಲಿಯೇ ನಿಲ್ಲುವವರಿಗೆ ಚಹಾ ಎಂದರೆ ಬರೀ ಸೊಗಸು ಎಂಬ ತಪ್ಪು ಕಲ್ಪನೆ ಉಳಿಯುತ್ತದೆ.

ಚಹಾದ ಬಗ್ಗೆ ಬರೆದ ಅತ್ಯಂತ ಹಳೆಯ ಪುಸ್ತಕ ಯಾವುದು? ಅದರಿಂದ ಇಂದು ಏನು ಉಪಯೋಗ?

ಚೀನಾದ ಲು ಯೂ ಎಂಬಾತ ಟ್ಯಾಂಗ್ ಅರಸರ ಕಾಲದಲ್ಲಿ, ಎಂಟನೆಯ ಶತಮಾನದಲ್ಲಿ, ಬರೆದ ‘ಚಾ ಜಿಂಗ್’. ಬೌದ್ಧ ವಿಹಾರದಲ್ಲಿ ಬೆಳೆದ ಅನಾಥ ಹುಡುಗನೊಬ್ಬ ಮುಂದೆ ಬರೆದ ಈ ಗ್ರಂಥದಲ್ಲಿ ಹತ್ತು ಭಾಗಗಳಿವೆ: ಗಿಡದ ಮೂಲ, ಎಲೆ ಕೀಳುವ ಮತ್ತು ಹದ ಮಾಡುವ ಸಲಕರಣೆ, ಬಟ್ಟಲು, ಕುದಿಸುವ ಕ್ರಮ, ಕುಡಿಯುವ ಕ್ರಮ, ಹಳೆಯ ಉಲ್ಲೇಖಗಳು, ಯಾವ ಸೀಮೆಯ ಎಲೆ ಉತ್ತಮ ಎಂಬ ವಿವರ. ಇಷ್ಟು ಹಳೆಯ ಪುಸ್ತಕ ಇಷ್ಟು ಲೋಕಾನುಭವದಿಂದ ಕೂಡಿರುವುದನ್ನು ಕಂಡು ನಮ್ಮಲ್ಲಿ ಹಲವರು ಬೆರಗಾದರು.

ನಮ್ಮ ಭಾಗದವರಿಗೆ ಅದರಲ್ಲಿ ಎಲ್ಲಕ್ಕಿಂತ ಹತ್ತಿರವಾಗುವುದು ನೀರಿನ ಪ್ರಸ್ತಾಪ. ಬೆಟ್ಟದ ನೀರು ಉತ್ತಮ, ನದಿಯ ನೀರು ಮಧ್ಯಮ, ಬಾವಿಯ ನೀರು ಕನಿಷ್ಠ ಎಂದು ಲು ಯೂ ಹೇಳುತ್ತಾನೆ. ಗಂಗಾ ಸ್ನಾನ, ತುಂಗಾ ಪಾನ ಎಂದು ಹೇಳಿಕೊಂಡು ಬಂದಿರುವ ನಾವು ಇದನ್ನು ಒಪ್ಪಲು ಪುರಾವೆ ಬೇಕಿಲ್ಲ. ತುಂಗಭದ್ರೆಯ ನೀರು ಬರುವ ಮನೆಯ ಚಹಾಕ್ಕೂ ಕೊಳವೆಬಾವಿಯ ಗಡಸು ನೀರಿನ ಚಹಾಕ್ಕೂ ಇರುವ ವ್ಯತ್ಯಾಸ ನಾಲಿಗೆಗೂ ಗೊತ್ತಾಗುತ್ತದೆ, ಕಣ್ಣಿಗೂ ಕಾಣುತ್ತದೆ. ಗಡಸು ನೀರಿನಲ್ಲಿ ಮಾಡಿದ ಕರಿ ಚಹಾದ ಮೇಲೆ ತೆಳುವಾದ ಕೆನೆಯಂತಹ ಪೊರೆ ಕಟ್ಟುವುದಕ್ಕೆ ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಎಲೆಯ ಒಗರಿನ ಅಂಶಗಳು ಗಾಳಿಯ ಸಂಪರ್ಕದಲ್ಲಿ ಕೂಡಿಕೊಳ್ಳುವುದು ಕಾರಣ; ಪಾತ್ರೆ ತೊಳೆದಿಲ್ಲವೆಂದು ಅಂಗಡಿಯವನ ಮೇಲೆ ಸಿಟ್ಟಾಗಬೇಕಾಗಿಲ್ಲ.

ಕುದಿಯುವ ನೀರಿಗೆ ಆತ ಮೂರು ಹಂತಗಳನ್ನು ಹೇಳುತ್ತಾನೆ. ಮೊದಲು ಮೀನಿನ ಕಣ್ಣಿನಂತಹ ಗುಳ್ಳೆ, ಆಮೇಲೆ ಪಾತ್ರೆಯ ಅಂಚಿನಲ್ಲಿ ಮುತ್ತಿನ ಸರ, ಕೊನೆಗೆ ಅಲೆ. ಅದನ್ನೂ ಮೀರಿ ಕುದಿಸಿದರೆ ನೀರು ಮುದಿಯಾಯಿತು, ಕುಡಿಯಬಾರದು. ಅರ್ಧ ಗಂಟೆ ಕುದಿಸಿ ‘ಖಡಕ್’ ಮಾಡುವ ನಮ್ಮ ಅಂಗಡಿಯವರಿಗೆ ಇದನ್ನು ಓದಿ ಹೇಳಿದಾಗ ಅವರು ನಕ್ಕುಬಿಟ್ಟರು. ಲು ಯೂ ಚಹಾಕ್ಕೆ ಉಪ್ಪು ಹಾಕುತ್ತಿದ್ದ, ಆದರೆ ಶುಂಠಿ, ಈರುಳ್ಳಿ, ಕಿತ್ತಳೆ ಸಿಪ್ಪೆ, ಪುದೀನ ಹಾಕಿ ಕುದಿಸುವವರ ಚಹಾವನ್ನು ಚರಂಡಿಯ ನೀರಿಗೆ ಹೋಲಿಸಿ ಬೈದಿದ್ದಾನೆ. ಮಳೆಗಾಲದ ಶುಂಠಿ ಚಹಾವನ್ನು ಬಿಡಲಾರದವರು ಆ ಭಾಗವನ್ನು ಹಾರಿಸಿ ಓದಬಹುದು.

ಹಾಗಾದರೆ ನಮ್ಮ ಹಾಲಿನ ಚಹಾಕ್ಕೆ ಪುಸ್ತಕಗಳಲ್ಲಿ ಜಾಗವೇ ಇಲ್ಲವೇ?

ಇದೆ, ಆದರೆ ಅದನ್ನು ಬೇರೆ ಕಪಾಟಿನಲ್ಲಿ ಹುಡುಕಬೇಕು. ಚಹಾದ ರುಚಿ, ಧ್ಯಾನ, ಬಟ್ಟಲುಗಳ ಬಗ್ಗೆ ಬರೆದವರು ಹಾಲು ಹಾಕಿದ ಚಹಾವನ್ನು ಬಹುತೇಕ ಕಡೆಗಣಿಸಿದ್ದಾರೆ. ಅದರ ಕಥೆಯನ್ನು ಹೇಳಿರುವವರು ಇತಿಹಾಸಕಾರರು. ಎರಿಕಾ ರ್‍ಯಾಪಪೋರ್ಟ್ ಅವರ 2017ರ ‘ಎ ಥರ್ಸ್ಟ್ ಫಾರ್ ಎಂಪೈರ್’ ಮತ್ತು ಫಿಲಿಪ್ ಲುಟ್‌ಗೆಂಡಾರ್ಫ್ ಅವರು ಭಾರತದ ಚಹಾ ಕುರಿತು 2012ರಲ್ಲಿ ಪ್ರಕಟಿಸಿದ ದೀರ್ಘ ಲೇಖನ ಇವೆರಡನ್ನು ಓದಿದರೆ, ಚಹಾ ನಮ್ಮ ಪೂರ್ವಿಕರ ಕಾಲದಿಂದ ಬಂದ ಪಾನೀಯವೆಂಬ ಭ್ರಮೆ ಹರಿಯುತ್ತದೆ. ಬ್ರಿಟಿಷರು ಅಸ್ಸಾಮಿನಲ್ಲಿ ಬೆಳೆಸಿದ್ದು ಲಂಡನ್ನಿಗೆ ಕಳಿಸಲು; ಅಸ್ಸಾಮಿನ ಚಹಾ ಮೊದಲ ಬಾರಿಗೆ ಅಲ್ಲಿ ಹರಾಜಾದದ್ದು 1839ರಲ್ಲಿ. ಇಲ್ಲಿನ ಜನರಿಗೂ ಕುಡಿಸಬೇಕೆಂಬ ಯೋಚನೆ ಗಟ್ಟಿಯಾದದ್ದು ಬಹಳ ತಡವಾಗಿ. 1903ರ ಕಾಯ್ದೆಯ ಮೂಲಕ ಚಹಾದ ರಫ್ತಿನ ಮೇಲೆ ಒಂದು ಕರ ಹಾಕಿ, ಆ ಹಣವನ್ನು ಪ್ರಚಾರಕ್ಕೆ ಬಳಸಿದರು. ರೈಲು ನಿಲ್ದಾಣಗಳಲ್ಲಿ, ಗಿರಣಿಗಳಲ್ಲಿ, ಸಂತೆಗಳಲ್ಲಿ ಚಹಾ ಮಾಡಿ ತೋರಿಸಿದರು, ಕೆಲವೆಡೆ ಪುಕ್ಕಟೆ ಕುಡಿಸಿದರು.

ರಾಯಚೂರಿನವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಮುಂಬೈ ಕಡೆಯಿಂದ ಬಂದ ರೈಲು ಹಳಿಯೂ ಮದ್ರಾಸಿನ ಕಡೆಯಿಂದ ಬಂದ ಹಳಿಯೂ ಕೂಡಿಕೊಂಡದ್ದು 1871ರಲ್ಲಿ, ರಾಯಚೂರಿನಲ್ಲಿಯೇ. ರೈಲಿನ ಜೊತೆಗೆ ಚಹಾ ಹಬ್ಬಿದ ಬಗೆಯನ್ನು ಪುಸ್ತಕದಲ್ಲಿ ಓದಿ, ಮರುದಿನ ಬೆಳಿಗ್ಗೆ ಅದೇ ನಿಲ್ದಾಣದ ಕಟ್ಟೆಯ ಮೇಲೆ ನಿಂತು ಚಹಾ ಕುಡಿಯುವ ಅವಕಾಶ ಎಲ್ಲ ಓದುಗರಿಗೂ ಸಿಗುವುದಿಲ್ಲ.

ಎಲೆಯನ್ನು ಧಾರಾಳವಾಗಿ ಬಳಸಿ, ಹಾಲು ಸಕ್ಕರೆಗಳನ್ನು ಮಿತವಾಗಿ ಹಾಕಿ ಎಂದು ಪ್ರಚಾರಕರು ಕಲಿಸಿದರು. ನಮ್ಮವರು ಎಲೆಯನ್ನು ಮಿತವಾಗಿಟ್ಟು ಹಾಲು, ಸಕ್ಕರೆ, ಏಲಕ್ಕಿ, ಶುಂಠಿಗಳನ್ನು ಧಾರಾಳಗೊಳಿಸಿದರು. 1930ರ ದಶಕದಲ್ಲಿ ವಿಲಿಯಂ ಮೆಕ್ಕರ್ಚರ್ ಅಸ್ಸಾಮಿನಲ್ಲಿ ರೂಪಿಸಿದ ಸಿಟಿಸಿ ಯಂತ್ರ ಎಲೆಯನ್ನು ಜಜ್ಜಿ, ಹರಿದು, ಸಣ್ಣ ಹರಳಾಗಿ ಸುತ್ತುತ್ತದೆ. ಆ ಹರಳು ಬೇಗ ಬಣ್ಣ ಬಿಡುತ್ತದೆ, ಕಡಿಮೆ ಪುಡಿಯಲ್ಲಿ ಹೆಚ್ಚು ಕಪ್ ಆಗುತ್ತದೆ. ಹಾಲಿನ ಪ್ರೋಟೀನು ಅದರ ಒಗರನ್ನು ಹಿಡಿದುಕೊಳ್ಳುವುದರಿಂದ ಎಷ್ಟು ಕುದಿಸಿದರೂ ಬಾಯಿ ಒಗರಾಗುವುದಿಲ್ಲ. ಸ್ವಾತಂತ್ರ್ಯದ ನಂತರ ಈ ಅಗ್ಗದ ಪುಡಿ ಊರೂರಿಗೆ ತಲುಪಿದ ಮೇಲೆಯೇ ಚಹಾ ನಿಜವಾಗಿ ಎಲ್ಲರದಾಯಿತು. ಆದ್ದರಿಂದ ಖಡಕ್ ಚಹಾವನ್ನು ಅಶುದ್ಧವೆಂದು ಮೂಗು ಮುರಿಯುವ ಪುಸ್ತಕಗಳ ಎದುರು ನಾವು ಸಂಕೋಚ ಪಡಬೇಕಾಗಿಲ್ಲ. ಅದು ಬಡವರು ತಮ್ಮ ಕೈಗೆಟುಕಿದ ಸಾಮಗ್ರಿಯಿಂದ ತಾವೇ ಕಂಡುಕೊಂಡ ಅಡುಗೆ.

ಚಹಾವನ್ನು ವಿರೋಧಿಸಿದ ಪುಸ್ತಕಗಳೂ ಇವೆಯೇ?

ಇವೆ, ಮತ್ತು ಅವನ್ನು ಓದದೆ ಬಿಡಬಾರದು. ಗಾಂಧೀಜಿಯವರು 1942ರಿಂದ 1944ರವರೆಗೆ ಆಗಾಖಾನ್ ಅರಮನೆಯ ಸೆರೆಯಲ್ಲಿದ್ದಾಗ ಆರೋಗ್ಯದ ಕುರಿತು ಬರೆದ ಕಿರುಪುಸ್ತಕದಲ್ಲಿ ಚಹಾ, ಕಾಫಿ, ಕೋಕೋಗಳಿಗೆಂದೇ ಒಂದು ಭಾಗವಿದೆ. ದೇಹಕ್ಕೆ ಇವು ಯಾವುವೂ ಬೇಕಿಲ್ಲ ಎಂಬುದು ಅವರ ನಿಲುವು. ಬಂಗಾಳದ ರಸಾಯನಶಾಸ್ತ್ರಜ್ಞ ಪ್ರಫುಲ್ಲಚಂದ್ರ ರಾಯ್ ಅವರೂ ಚಹಾದ ಕಟು ವಿರೋಧಿಯಾಗಿದ್ದರು. ವಿಚಿತ್ರವೆಂದರೆ, ಅದೇ ಕಾಲಕ್ಕೆ ಅಹ್ಮದ್‌ನಗರದ ಕೋಟೆಯಲ್ಲಿ ಸೆರೆಯಾಗಿದ್ದ ಮೌಲಾನಾ ಅಬುಲ್ ಕಲಾಂ ಆಜಾದರು ನಸುಕಿನಲ್ಲಿ ಎದ್ದು, ಹಾಲಿಲ್ಲದ ಚೀನೀ ಚಹಾವನ್ನು ಗುಟುಕರಿಸುತ್ತ, ಆ ಚಹಾದ ಗುಣಗಾನವನ್ನೇ ಪತ್ರಗಳಲ್ಲಿ ಬರೆಯುತ್ತಿದ್ದರು. ಗೆಳೆಯನಿಗೆಂದು ಬರೆದ, ಆದರೆ ಅಂಚೆಗೆ ಹಾಕಲಾಗದ ಆ ಉರ್ದು ಪತ್ರಗಳು 1946ರಲ್ಲಿ ‘ಗುಬಾರ್-ಎ-ಖಾತಿರ್’ ಎಂಬ ಹೆಸರಿನಲ್ಲಿ ಪುಸ್ತಕವಾದವು. ಹಾಲು ಸಕ್ಕರೆ ಹಾಕಿದ ಚಹಾ ಅವರ ಕಣ್ಣಿಗೆ ನೀರಾದ ಹಲ್ವಾ. ರಾಯಚೂರು, ಕೊಪ್ಪಳಗಳಲ್ಲಿ ನಿಜಾಮರ ಕಾಲದ ಉರ್ದು ಶಾಲೆಯಲ್ಲಿ ಅಕ್ಷರ ಕಲಿತ ಹಿರಿಯರು ಮನೆಯಲ್ಲಿ ಇನ್ನೂ ಇದ್ದರೆ, ಅವರ ಬಾಯಿಂದಲೇ ಒಂದೆರಡು ಪತ್ರಗಳನ್ನು ಓದಿಸಿ ಕೇಳಿ. ಅರ್ಥ ಅರ್ಧ ತಿಳಿದರೂ ಆ ಭಾಷೆಯ ನಡೆ ತಿಳಿಯುತ್ತದೆ.

ತೋಟದ ಕೂಲಿಗಳ ಬದುಕನ್ನು ಹೇಳುವ ಪುಸ್ತಕಗಳು ಯಾವುವು?

ಇದೊಂದು ಪ್ರಶ್ನೆಗೆ ಉತ್ತರ ಹೇಳುವುದಕ್ಕಾಗಿಯೇ ಉಳಿದುದನ್ನೆಲ್ಲ ಬರೆದೆನೇನೋ ಎಂದು ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ. ಮುಲ್ಕ್ ರಾಜ್ ಆನಂದ್ ಅವರ 1937ರ ಇಂಗ್ಲಿಷ್ ಕಾದಂಬರಿ ‘ಟೂ ಲೀವ್ಸ್ ಅಂಡ್ ಎ ಬಡ್’ ಪಂಜಾಬಿನ ಹಳ್ಳಿಯ ಗಂಗು ಎಂಬ ರೈತನದು. ಜಮೀನು ಕಳೆದುಕೊಂಡ ಆತ, ಅಸ್ಸಾಮಿನಲ್ಲಿ ಒಳ್ಳೆಯ ಕೂಲಿ ಸಿಗುತ್ತದೆ, ತುಂಡು ಭೂಮಿಯೂ ಸಿಗುತ್ತದೆ ಎಂಬ ದಲ್ಲಾಳಿಯ ಮಾತನ್ನು ನಂಬಿ ಹೆಂಡತಿ ಮಕ್ಕಳೊಂದಿಗೆ ಹೊರಡುತ್ತಾನೆ. ಹೋದ ಮೇಲೆ ಹಿಂದಿರುಗುವ ದಾರಿ ಮುಚ್ಚಿಕೊಂಡಿದೆಯೆಂದು ತಿಳಿಯುತ್ತದೆ. ಹೆಸರಿನಲ್ಲಿರುವ ಎರಡು ಎಲೆ ಮತ್ತು ಒಂದು ಮೊಗ್ಗು ಎಂಬುದು ಕವಿತೆಯ ಮಾತಲ್ಲ, ಕೀಳುವವರ ಕೆಲಸದ ಅಳತೆ: ಒಳ್ಳೆಯ ಚಹಾಕ್ಕೆ ಚಿಗುರಿನ ತುದಿಯ ಮೊಗ್ಗನ್ನೂ ಅದರ ಕೆಳಗಿನ ಎರಡು ಎಲೆಗಳನ್ನೂ ಮಾತ್ರ ಚಿವುಟಬೇಕು. ಕಾದಂಬರಿಯ ಕೊನೆಯನ್ನು ನಾನು ಹೇಳುವುದಿಲ್ಲ.

ಎರಡನೆಯದು ಪಿ. ಎಚ್. ಡೇನಿಯಲ್ ಅವರ ‘ರೆಡ್ ಟೀ’. ಆನೈಮಲೈ ಬೆಟ್ಟಗಳ ಚಹಾ ತೋಟಗಳಲ್ಲಿ ವೈದ್ಯರಾಗಿದ್ದ ಲೇಖಕರು ಕಾರ್ಮಿಕರ ಅನುಭವಗಳನ್ನು ಆಧರಿಸಿ 1969ರಲ್ಲಿ ಇದನ್ನು ಪ್ರಕಟಿಸಿದರು. ಮುಂಗಡ ಹಣ ಕೊಟ್ಟು ಬಯಲು ಸೀಮೆಯ ಊರುಗಳಿಂದ ಜನರನ್ನು ಬೆಟ್ಟಕ್ಕೆ ಹತ್ತಿಸುವ ಮೇಸ್ತ್ರಿ, ಜ್ವರದಿಂದ ಸಾಯುವ ಕೂಲಿಗಳು, ವರ್ಷ ಮುಗಿದರೂ ತೀರದ ಸಾಲ ಇವೆಲ್ಲ ಅದರಲ್ಲಿವೆ. ಇದು ತಮಿಳಿಗೆ ‘ಎರಿಯುಮ್ ಪನಿಕ್ಕಾಡು’ ಎಂಬ ಹೆಸರಿನಲ್ಲಿ ಬಂದಿದೆ. 2013ರಲ್ಲಿ ನಿರ್ದೇಶಕ ಬಾಲಾ ಇದನ್ನು ಆಧರಿಸಿ ‘ಪರದೇಸಿ’ ಚಿತ್ರವನ್ನು ಮಾಡಿದರು.

ಈ ಎರಡರ ಜೊತೆಗೆ ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ಮತ್ತೊಮ್ಮೆ ಓದಬೇಕೆಂದು ನಾನು ಹಟ ಹಿಡಿಯುತ್ತೇನೆ. 1933ರ ಆ ಕಾದಂಬರಿಯಲ್ಲಿರುವುದು ಕಾಫಿ ತೋಟ, ಚಹಾದ್ದಲ್ಲ, ನಿಜ. ಆದರೆ ಹಳೆಯ ಸಾಲ ತೀರಿಸಲು ಚೋಮ ಮಕ್ಕಳನ್ನು ಘಟ್ಟದ ಮೇಲಿನ ತೋಟಕ್ಕೆ ಕಳಿಸುವುದು, ಗಂಗು ಅಸ್ಸಾಮಿನ ರೈಲು ಹತ್ತುವುದು, ‘ರೆಡ್ ಟೀ’ಯ ದಂಪತಿಗಳು ಮುಂಗಡ ಪಡೆಯುವುದು ಇವು ಮೂರೂ ಒಂದೇ ಹಗ್ಗದ ಎಳೆಗಳು. ಈ ಮಾತನ್ನು ನಮ್ಮ ಬಳಗದಲ್ಲಿ ಯಾರಿಗೂ ವಿವರಿಸಿ ಹೇಳಬೇಕಾಗಲಿಲ್ಲ. ಸುಗ್ಗಿ ಮುಗಿದ ಮೇಲೆ ಮನೆಗೆ ಬೀಗ ಹಾಕಿ, ಮುದುಕರನ್ನು ಊರಲ್ಲಿಯೇ ಬಿಟ್ಟು, ಮುಂಗಡ ತೆಗೆದುಕೊಂಡು ಬೆಂಗಳೂರಿಗೋ ಪುಣೆಗೋ ಗುಳೆ ಹೋಗುವ ಸಂಸಾರಗಳು ರಾಯಚೂರು, ಕೊಪ್ಪಳಗಳ ಊರೂರಲ್ಲಿ ಇವೆ. ಸಿಂಧನೂರಿನ ಕಡೆಯ ಒಬ್ಬ ತರುಣ, ಗಂಗುವಿನ ಅಧ್ಯಾಯವನ್ನು ಓದುತ್ತಿದ್ದವನು, ಪುಸ್ತಕವನ್ನು ಮಡಚಿಟ್ಟು, “ನಮ್ಮ ಅಪ್ಪಾರು ಹೋದಾಗನೂ ಹಿಂಗ ಹೇಳಿ ಕರಕೊಂಡು ಹೋಗಿದ್ರು ನೋಡ್ರಿ” ಎಂದ. ಆ ದಿನ ಮುಂದಕ್ಕೆ ಓದಲಿಲ್ಲ.

ಚೀನಾದಿಂದ ಚಹಾ ಗಿಡವನ್ನು ಕದ್ದು ತಂದರು ಎಂಬುದು ನಿಜವೇ?

ನಿಜ. ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ರಾಬರ್ಟ್ ಫಾರ್ಚೂನ್ ಎಂಬ ಸಸ್ಯತಜ್ಞ 1848ರಲ್ಲಿ ಹೊರಟು, ಚೀನೀ ವೇಷ ಹಾಕಿಕೊಂಡು ಒಳನಾಡಿಗೆ ಹೋಗಿ, ಗಿಡಗಳನ್ನೂ ಬೀಜಗಳನ್ನೂ ಗಾಜಿನ ಮುಚ್ಚು ಪೆಟ್ಟಿಗೆಗಳಲ್ಲಿ ಹಿಮಾಲಯದ ತಪ್ಪಲಿಗೆ ಸಾಗಿಸಿದ. ಆತನೇ ಬರೆದ ಪ್ರವಾಸ ಕಥನ 1852ರಲ್ಲಿ ಪ್ರಕಟವಾಗಿದೆ. ಸಾರಾ ರೋಸ್ ಅವರ ‘ಫಾರ್ ಆಲ್ ದ ಟೀ ಇನ್ ಚೈನಾ’ ಅದನ್ನೇ ಪತ್ತೇದಾರಿ ಕಥೆಯಂತೆ ಹೇಳುತ್ತದೆ. ಹಸಿರು ಚಹಾ, ಕರಿ ಚಹಾ ಎರಡೂ ಒಂದೇ ಗಿಡದ ಎಲೆ ಎಂಬುದನ್ನು ಯುರೋಪಿನವರಿಗೆ ಖಚಿತವಾಗಿ ತಿಳಿಸಿದವನೂ ಆತನೇ. ಆದರೆ ಭಾರತದ ಚಹಾ ಇಡಿಯಾಗಿ ಕದ್ದ ಮಾಲು ಎಂದುಕೊಳ್ಳಬಾರದು. ಅಸ್ಸಾಮಿನಲ್ಲಿ ಸಿಂಗ್ಫೋ ಜನರು ತಮ್ಮ ಕಾಡಿನ ಚಹಾವನ್ನು ಮೊದಲಿನಿಂದಲೂ ಬಳಸುತ್ತಿದ್ದರು. 1823ರಲ್ಲಿ ರಾಬರ್ಟ್ ಬ್ರೂಸ್ ‘ಕಂಡುಹಿಡಿದ’ ಎನ್ನುವುದು ಆ ಜನರು ತೋರಿಸಿದ ಗಿಡವನ್ನು. ಸ್ವಂತ ತೋಟ ಮಾಡಿದ ಮೊದಲ ಭಾರತೀಯರಲ್ಲಿ ಒಬ್ಬರಾದ ಮಣಿರಾಮ್ ದಿವಾನರನ್ನು ಬ್ರಿಟಿಷರು 1858ರಲ್ಲಿ ಗಲ್ಲಿಗೇರಿಸಿದರು.

ಕಥೆ, ನಾಟಕ, ಪ್ರಬಂಧಗಳಲ್ಲಿ ಏನನ್ನು ಓದಬಹುದು?

ಒಂದನ್ನೇ ಆರಿಸಿ ಎಂದರೆ ನಾನು ಚೀನಾದ ಲಾವೊ ಷೆ ಅವರ 1957ರ ನಾಟಕ ‘ಚಹಾ ಅಂಗಡಿ’ಯನ್ನು ಆರಿಸುತ್ತೇನೆ. ಬೀಜಿಂಗಿನ ಒಂದೇ ಅಂಗಡಿಯಲ್ಲಿ 1898ರಿಂದ ಸುಮಾರು ಐವತ್ತು ವರ್ಷಗಳ ಕಾಲ ನಡೆಯುವ ಮೂರು ಅಂಕಗಳ ನಾಟಕ ಅದು. ಅರಸರು ಹೋಗುತ್ತಾರೆ, ಸೇನಾಧಿಪತಿಗಳು ಬರುತ್ತಾರೆ, ಅಂಗಡಿಯ ಮಾಲೀಕ ಮಾತ್ರ ಎಲ್ಲರಿಗೂ ನಮಸ್ಕರಿಸುತ್ತ ಅಂಗಡಿಯನ್ನು ಉಳಿಸಿಕೊಳ್ಳಲು ಹೆಣಗುತ್ತಾನೆ. ಗೋಡೆಯ ಮೇಲೆ ‘ರಾಜಕಾರಣ ಮಾತನಾಡಬೇಡಿ’ ಎಂಬ ಬರಹವಿದೆ. ಅಂಕದಿಂದ ಅಂಕಕ್ಕೆ ಅದರ ಅಕ್ಷರಗಳು ದೊಡ್ಡದಾಗುತ್ತ ಹೋಗುತ್ತವೆ. ನಮ್ಮ ಕಡೆಯ ಹೋಟೆಲುಗಳಲ್ಲಿ ‘ಸಾಲ ಕೇಳಬೇಡಿ’ ಎಂಬುದರ ಪಕ್ಕದಲ್ಲಿ ಅದೇ ಮಾತಿನ ಹಲಗೆಯನ್ನು ಕಂಡವರಿಗೆ ಅಡಿಟಿಪ್ಪಣಿ ಬೇಕಾಗುವುದಿಲ್ಲ. ಬಯಲಾಟವನ್ನೂ ಕಂಪನಿ ನಾಟಕವನ್ನೂ ನೋಡಿ ಬೆಳೆದ, ಬಳ್ಳಾರಿ ರಾಘವರ ಹೆಸರನ್ನು ಹೆಮ್ಮೆಯಿಂದ ಹೇಳುವ ಈ ಸೀಮೆಯಲ್ಲಿ ಅದನ್ನು ರಂಗಕ್ಕೆ ತಂದರೆ ಎಷ್ಟು ಚೆನ್ನ ಎಂಬುದು ನನ್ನ ಬಹುದಿನದ ಆಸೆ.

ಯಾಸುನಾರಿ ಕವಾಬಾಟಾ ಅವರ ‘ಥೌಸಂಡ್ ಕ್ರೇನ್ಸ್’ ಚಹಾದ ವಿಧಿಯ ಸುತ್ತ ಹೆಣೆದ ಕಾದಂಬರಿ. ಆದರೆ ಆ ವಿಧಿಯ ಸೊಬಗನ್ನು ಹೊಗಳಲು ಅದನ್ನು ಬರೆದದ್ದಲ್ಲ, ಅದು ಕೀಳಾಗುತ್ತಿರುವುದರ ಎಚ್ಚರಿಕೆಯಾಗಿ ಬರೆದದ್ದು ಎಂದು ಲೇಖಕರೇ 1968ರಲ್ಲಿ ನೊಬೆಲ್ ಪಡೆದಾಗ ಹೇಳಿದರು. ಸಮಯ ಕಡಿಮೆ ಇದ್ದವರಿಗೆ ಜಾರ್ಜ್ ಆರ್ವೆಲ್ ಅವರು 1946ರಲ್ಲಿ ಪತ್ರಿಕೆಯೊಂದಕ್ಕೆ ಬರೆದ ‘ಎ ನೈಸ್ ಕಪ್ ಆಫ್ ಟೀ’ ಸಾಕು. ಹನ್ನೊಂದು ನಿಯಮಗಳನ್ನು ಗಂಭೀರ ಮುಖದಿಂದ ವಿಧಿಸುವ ಆ ತಮಾಷೆಯ ಬರಹ, ಚಹಾಕ್ಕೆ ಸಕ್ಕರೆ ಹಾಕುವವನನ್ನು ನಿಜವಾದ ಚಹಾಪ್ರಿಯನೆಂದು ಒಪ್ಪುವುದೇ ಇಲ್ಲ.

ಕನ್ನಡದಲ್ಲಿಯೇ ಓದಬೇಕೆನ್ನುವವರು ಏನು ಮಾಡಬೇಕು?

ಕನ್ನಡ ಸಾಹಿತ್ಯದಲ್ಲಿ ಕಾಫಿಗೆ ಸಿಕ್ಕ ಮರ್ಯಾದೆ ಚಹಾಕ್ಕೆ ಸಿಕ್ಕಿಲ್ಲ. ದೇಶದ ಕಾಫಿಯಲ್ಲಿ ಸುಮಾರು ಶೇಕಡಾ 70 ಭಾಗ ಬೆಳೆಯುವ ರಾಜ್ಯದಲ್ಲಿ ಅದು ಸಹಜವೂ ಹೌದು. ಬರೆದವರಲ್ಲಿ ಹೆಚ್ಚಿನವರು ಮೈಸೂರು, ಮಲೆನಾಡುಗಳ ಕಡೆಯವರೆಂಬುದೂ ಅದಕ್ಕೆ ಸೇರುತ್ತದೆ. ಚಹಾ ಕುಡಿಯುವ ಸೀಮೆಯನ್ನು ಅರಿಯಲು ಬೀಚಿಯವರ ಹಾಸ್ಯವನ್ನೂ ಕುಂ. ವೀರಭದ್ರಪ್ಪನವರ ಕಥೆಗಳನ್ನೂ ಓದಿ. ಅವು ಚಹಾದ ಪುಸ್ತಕಗಳಲ್ಲ, ಆದರೆ ಅಂಗಡಿಯ ಬೆಂಚಿನ ಮೇಲೆ ಕೂತು ಮಾತನಾಡುವ ನಮ್ಮ ಜನ ಅಲ್ಲಿದ್ದಾರೆ. ಒಂದು ಸಸ್ಯದ ಪ್ರಯಾಣವನ್ನು ಕನ್ನಡದಲ್ಲಿ ಹೇಗೆ ಹೇಳಬೇಕೆಂಬುದಕ್ಕೆ ಬಿ. ಜಿ. ಎಲ್. ಸ್ವಾಮಿಯವರ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ’ಕ್ಕಿಂತ ಉತ್ತಮ ಮಾದರಿ ಇಲ್ಲ. ಚಹಾ ಆ ಖಂಡದ್ದಲ್ಲವಾದ್ದರಿಂದ ಅದರ ಕಥೆಯನ್ನು ಅಲ್ಲಿ ನಿರೀಕ್ಷಿಸಬಾರದು. ಆದರೂ ನಮ್ಮ ಸಂಜೆಯ ತಟ್ಟೆಯನ್ನು ನೋಡಿ: ಮಿರ್ಚಿಯ ಮೆಣಸಿನಕಾಯಿ ಅಮೆರಿಕ ಖಂಡಗಳಿಂದ ಬಂದದ್ದು, ಚಹಾ ಚೀನಾ, ಅಸ್ಸಾಮುಗಳಿಂದ, ಒಗ್ಗರಣೆಯ ಮಂಡಕ್ಕಿಯ ಭತ್ತವೊಂದೇ ನಮ್ಮ ಕಾಲುವೆಯ ನೀರು ಕುಡಿದದ್ದು.

ಇಂಗ್ಲಿಷ್ ಪುಸ್ತಕಗಳ ವಿಷಯದಲ್ಲಿ ನಾವು ಅನುಸರಿಸುವ ಕ್ರಮ ಸರಳವಾದದ್ದು. ಇಂಗ್ಲಿಷ್ ಬಲ್ಲ ಒಬ್ಬರು ವಾರವಿಡೀ ಒಂದು ಅಧ್ಯಾಯವನ್ನು ಓದಿಕೊಂಡು ಬಂದು ಭಾನುವಾರ ಕನ್ನಡದಲ್ಲಿ ಹೇಳುತ್ತಾರೆ, ಉಳಿದವರು ಅಡ್ಡ ಪ್ರಶ್ನೆ ಹಾಕುತ್ತಾರೆ. ಪುರಾಣ ಪ್ರವಚನ ಕೇಳಿ ಬೆಳೆದವರಿಗೆ ಈ ಕ್ರಮ ಹೊಸದೇನೂ ಅಲ್ಲ.

ನಾವು ‘ಚಹಾ’ ಎನ್ನಬೇಕೇ, ‘ಟೀ’ ಎನ್ನಬೇಕೇ?

ಎರಡೂ ಚೀನಾದ ಮಾತುಗಳೇ. ಭೂಮಾರ್ಗವಾಗಿ ವ್ಯಾಪಾರ ನಡೆದ ಕಡೆ ‘ಚಾ’ ಹಬ್ಬಿ ಪಾರಸಿಯಲ್ಲಿ ‘ಚಾಯ್’ ಆಯಿತು. ಫುಜಿಯನ್ ಕರಾವಳಿಯ ಜನರ ‘ತೆ’ ಎಂಬ ಉಚ್ಚಾರ ಡಚ್ಚರ ಹಡಗು ಹತ್ತಿ ಇಂಗ್ಲಿಷಿನ ‘ಟೀ’ ಆಯಿತು. ಬಳ್ಳಾರಿ 1953ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. ರಾಯಚೂರು, ಕೊಪ್ಪಳಗಳು ಹೈದರಾಬಾದಿನ ಕಡೆಗಿದ್ದವು. ನಮ್ಮ ಬಳಗದಲ್ಲಿ ಸಿರುಗುಪ್ಪದವರ ಬಾಯಲ್ಲಿ ‘ಟೀ’ಯೂ ರಾಯಚೂರಿನ ಕಡೆಯವರ ಬಾಯಲ್ಲಿ ‘ಚಾ’ವೂ ಮೊದಲು ಬರುವುದನ್ನು ಕೇಳಿದಾಗ ಆ ಹಳೆಯ ಗಡಿ ನನಗೆ ನೆನಪಾಗುತ್ತದೆ. ಬರೆಯುವಾಗ ನಾನು ‘ಚಹಾ’ ಎಂದು ಬರೆಯುತ್ತೇನೆ.

ಚಹಾದಿಂದ ಆರೋಗ್ಯ ಎಂದು ಹೇಳುವ ಪುಸ್ತಕಗಳನ್ನು ನಂಬಬಹುದೇ?

ತೂಕ ಇಳಿಯುತ್ತದೆ, ಕಾಯಿಲೆ ವಾಸಿಯಾಗುತ್ತದೆ ಎಂದು ಮುಖಪುಟದಲ್ಲಿಯೇ ಸಾರುವ ಪುಸ್ತಕಗಳಿಗೆ ಹಣ ಹಾಕಬೇಡಿ. ತಿಳಿದಿರಬೇಕಾದ ಸಂಗತಿಗಳು ಎರಡೇ. ಚಹಾದ ಒಗರಿನ ಅಂಶ ಆಹಾರದಲ್ಲಿರುವ ಕಬ್ಬಿಣವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತದೆ; ರಕ್ತಹೀನತೆ ಇರುವವರು, ಅದರಲ್ಲಿಯೂ ಹೆಣ್ಣುಮಕ್ಕಳು, ಊಟಕ್ಕೂ ಚಹಾಕ್ಕೂ ಒಂದು ತಾಸಿನ ಅಂತರ ಇಡುವುದು ಒಳ್ಳೆಯದು. ಇನ್ನೊಂದು, ಕುಡಿದ ಕೆಫೀನಿನ ಅರ್ಧ ಪಾಲು ಸುಮಾರು ಐದು ತಾಸಿನ ನಂತರವೂ ದೇಹದಲ್ಲಿ ಉಳಿದಿರುತ್ತದೆ. ರಾತ್ರಿ ಒಂಬತ್ತಕ್ಕೆ ಚಹಾ ಕುಡಿದು ಓದಲು ಕೂತವರು ನಿದ್ದೆ ಬರಲಿಲ್ಲವೆಂದು ಪುಸ್ತಕವನ್ನು ಹೊಗಳಬಾರದು.

ಈ ಪುಸ್ತಕಗಳು ಎಲ್ಲಿ ಸಿಗುತ್ತವೆ?

ಭಾರತದಲ್ಲಿ ಲೇಖಕರು ತೀರಿಕೊಂಡು 60 ವರ್ಷ ಕಳೆದ ಮೇಲೆ ಹಕ್ಕುಸ್ವಾಮ್ಯ ಮುಗಿಯುತ್ತದೆ. ಆ ಲೆಕ್ಕದಲ್ಲಿ 1913ರಲ್ಲಿ ನಿಧನರಾದ ಒಕಾಕುರಾ, 1950ರಲ್ಲಿ ನಿಧನರಾದ ಆರ್ವೆಲ್, 1958ರಲ್ಲಿ ನಿಧನರಾದ ಆಜಾದ್ ಇವರ ಮೂಲ ಬರಹಗಳನ್ನು ಮುಕ್ತವಾಗಿ ಓದಬಹುದು. ಒಕಾಕುರಾ ಅವರ ಪುಸ್ತಕ ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಮುಲ್ಕ್ ರಾಜ್ ಆನಂದ್ ತೀರಿಕೊಂಡದ್ದು 2004ರಲ್ಲಿ, ಆದ್ದರಿಂದ ಅವರ ಕಾದಂಬರಿಯನ್ನು ಕೊಳ್ಳಬೇಕು ಅಥವಾ ಗ್ರಂಥಾಲಯದಿಂದ ಪಡೆಯಬೇಕು. ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಇಲ್ಲದಿದ್ದರೆ ಬೇಕಾದ ಪುಸ್ತಕದ ಹೆಸರನ್ನು ಲಿಖಿತವಾಗಿ ಕೊಟ್ಟು ಬನ್ನಿ. 1965ರ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆಗೆ ನಾವು ಗ್ರಂಥಾಲಯ ಕರವನ್ನೂ ಕಟ್ಟುತ್ತಿದ್ದೇವೆ. ಕೇಳುವುದರಲ್ಲಿ ಸಂಕೋಚ ಬೇಡ.

ಎರವಲು ತಂದ ಪುಸ್ತಕದ ಮೇಲೆ ಚಹಾ ಚೆಲ್ಲಿದರೆ?

ಉಜ್ಜಬೇಡಿ. ಒಣ ಹತ್ತಿ ಬಟ್ಟೆಯಿಂದ ಒತ್ತಿ ಹೀರಿಸಿ, ಒದ್ದೆಯಾದ ಪುಟಗಳ ನಡುವೆ ಬಿಳಿ ಕಾಗದ ಇಟ್ಟು, ಅದನ್ನು ಆಗಾಗ ಬದಲಿಸುತ್ತ, ಫ್ಯಾನಿನ ಗಾಳಿಗೆ ಪುಸ್ತಕವನ್ನು ನಿಲ್ಲಿಸಿ. ಬೇಗ ಒಣಗಲೆಂದು ಬಿಸಿಲಿಗೆ ಇಡಬಾರದು. ನಾನು ಒಮ್ಮೆ ಏಪ್ರಿಲ್ ತಿಂಗಳಲ್ಲಿ ಮಾಳಿಗೆಯ ಮೇಲೆ ಇಟ್ಟ ಪುಸ್ತಕ ಅರ್ಧ ತಾಸಿನಲ್ಲಿ ಹಪ್ಪಳದಂತೆ ಸೊಟ್ಟಗಾಗಿ, ಇಂದಿಗೂ ಕಪಾಟಿನಲ್ಲಿ ನೆಟ್ಟಗೆ ನಿಲ್ಲುವುದಿಲ್ಲ. ಹಾಲು ಸಕ್ಕರೆ ಇರುವ ಚಹಾವಾದರೆ ಒಣಗಿದ ಮೇಲೂ ಇರುವೆ ಬರುತ್ತದೆ, ಆದ್ದರಿಂದ ಒಂದೆರಡು ವಾರ ಆ ಪುಸ್ತಕವನ್ನು ಉಳಿದವುಗಳಿಂದ ದೂರ ಇಡಿ. ಗ್ರಂಥಾಲಯದ ಪುಸ್ತಕವಾಗಿದ್ದರೆ ಹಿಂದಿರುಗಿಸುವಾಗ ನೀವೇ ಮೊದಲು ಹೇಳಿ.